ಗಂಜಿ ಕುಡಿದ ಗೋಡೆ

ಛಳ್ ಎಂದು ನೀರು ಗೋಡೆಗೆ ಬೀಳುತ್ತಿದೆ, ಇನ್ನೊಂದು ಬಕೆಟ್, ಮತ್ತೆ ಛಳ್ — ಆ ಸದ್ದಿಗೆ ಮಡಿಲಲ್ಲಿನ ಕೂಸು ಒಮ್ಮೆ ಕಾಲು ಝಾಡಿಸಿತು, ಅಷ್ಟೇ, ಮೊಲೆ ಬಿಡಲಿಲ್ಲ, ಕುಡಿಯುತ್ತಿದೆ, ಅಬ್ಬ ಎಂಥ ಹಸಿವು ಈ ಕಳ್ಳಿಗೆ, ಕಣ್ಣು ಮುಚ್ಚಿಕೊಂಡು, ಮುಷ್ಟಿ ಬಿಗಿದುಕೊಂಡು, ಗುಟುಕು ಗುಟುಕಿಗೂ ಗಲ್ಲದ ಕೆಳಗೆ ಏನೋ ಒಂದು ಏರಿ ಇಳಿಯುತ್ತಿದೆ, ಅದನ್ನು ನೋಡುತ್ತ ಕೂತರೆ ಅಮುದಾಳಿಗೆ ಬೇರೆ ಯಾವುದೂ ಬೇಡ, ತಲೆಯ ಮೇಲೆ ದ್ರಾಕ್ಷಿಯ ಚಪ್ಪರ, ಎಲೆಗಳ ಸಂದಿನಿಂದ ಬಿಸಿಲು ಚೂರು ಚೂರಾಗಿ ಉದುರಿ ಕೂಸಿನ ಹಣೆಯ ಮೇಲೆ ಅಲ್ಲಾಡುತ್ತಿದೆ, ಕಾರ್ತಿಗೈ ತಿಂಗಳ ಮಳೆ ನಿಂತ ಮಾರನೆಯ ಬಿಸಿಲು, ತೊಳೆದಿಟ್ಟ ಹಾಗಿದೆ, ಚಪ್ಪರದಾಚೆ ಅಂಗಳ, ಅಂಗಳದಾಚೆ ಮನೆಯ ಹಿಂಗೋಡೆ, ಹೊರಗೆ ಬಿಳಿ ಸುಣ್ಣ, ಒಳಗೆ ಹಸಿರು, ಒಳಗಿನದು ಇಲ್ಲಿಂದ ಕಾಣುವುದಿಲ್ಲ, ಕಾಣದಿದ್ದರೇನು, ಕಣ್ಣು ಮುಚ್ಚಿದರೆ ಅದೇ, ಗಿಳಿಯ ರೆಕ್ಕೆಯ ಹಸಿರು, ಬಾಣಂತಿ ಕೋಣೆಯ ಹಸಿರು, ಇವತ್ತು ಆ ಗೋಡೆ ಒಡೆಯುತ್ತಾರೆ. ಒಡೆಯಿರಿ ಅಂದವಳು ಯಾರು — ಅವ್ವ, ಅಮ್ಮನ ತಾಯಿ ಓಚ್ಚಮ್ಮಾಳ್, ಮೊನ್ನೆ ಮೊನ್ನೆಯವರೆಗೂ ನನ್ ಹೆಣ ಬಿದ್ಮೇಲೆ ಒಡೀರಿ ಅನ್ನುತ್ತಿದ್ದವಳು, ಈಗ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹಾರೆ ಹಿಡಿದು ಒಳಗೆ ಹೋಗಿದ್ದಾಳೆ, ಮೊದಲನೇ ಏಟು ನಂದು, ಎವನಾದ್ರೂ ಮುಂದೆ ಬಂದ್ರೆ ಅವನ ಕಾಲ ಮೇಲೇ ಬೀಳ್ತದೆ ಹಾರೆ, ಕೆಲಸಕ್ಕೆ ಬಂದ ಗಂಡಾಳುಗಳು ಹಲ್ಲು ಕಿಸಿಯುತ್ತ ಪಕ್ಕಕ್ಕೆ ಸರಿದರು, ಬಾಗಿಲಲ್ಲಿ ನಿಂತ ಸುಂದರ್, ಅಮುದಾಳ ಗಂಡ, ಅವ್ವಾ ಮಾಸ್ಕು ಮೂಗಿನ ಮೇಲಕ್ಕೆ ಎಳ್ಕೊಳ್ಳಿ ಎಂದು ಬೇಡಿಕೊಳ್ಳುತ್ತಿದ್ದಾನೆ, ಒಳಗಿಂದ ಅವ್ವನ ಗಂಟಲು, ಮೂಗು ಬಾಯಿ ಎರಡೂ ಕಟ್ಟಿದ್ರೆ ನಾನ್ ಎಂಗೆ ಬೈಯೋದು ಮಾಪ್ಳೆ, ಅಳಿಯನನ್ನು ಅವ್ವ ಕರೆಯುವುದೇ ಹಾಗೆ. ಇನ್ನೊಂದು ಬಕೆಟ್, ಛಳ್, ಒಣಗಿದ್ದಾಗ ಮುಟ್ಟಬಾರದು, ಪೂರಾ ನೆನೆಸಬೇಕು, ಧೂಳು ಏಳಬಾರದು, ತಾಯಿ ಮಗು ದೂರ ಇರಬೇಕು, ಬಿದ್ದ ಮಣ್ಣನ್ನು ಅಪ್ಪಿತಪ್ಪಿಯೂ ತೋಟಕ್ಕೆ ಹಾಕಬಾರದು, ಡ್ರಮ್ಮಿಗೆ ತುಂಬಿ ಬಾಯಿ ಮುಚ್ಚಬೇಕು, ಇದೆಲ್ಲ ಗಂಡನ ಜೊತೆ ಓದಿದ ದಿಂಡಿಗಲ್‌ನ ಜೆಯಂತಿ ಹೇಳಿದ್ದು, ಗಾಳಿ ಇತ್ತಲಿಂದ ಅತ್ತ ಬೀಸುತ್ತಿದೆ, ನೋಡಿಯೇ ಕೂತಿದ್ದಾಳೆ ಅಮುದಾ, ಎಲೆಗಳು ಮನೆಯ ಕಡೆಗೇ ವಾಲುತ್ತಿವೆ.

ಗಿಳಿಯ ರೆಕ್ಕೆ ಅಂದದ್ದು ಅವ್ವನೇ, ಅವ್ವ ಹೇಳಿದ ಕತೆಯಲ್ಲಿ ಪಚ್ಚಮ್ಮನ ಸೀರೆ ಗಿಳಿಯ ರೆಕ್ಕೆಯದು, ಅವಳು ಇರೋದು ಗೋಡೆ ಒಳಗೆ ನನ್ ಕಣ್ಣೇ, ಬ್ಯಾಸಿಗೇಲಿ ಮನಿಕ್ಕೊತಾಳೆ, ಐಪ್ಪಸಿ ಮಳೆ ಹಿಡಿದು ಗೋಡೆ ಬೆವತುಕೊಂಡ್ರೆ ಏಳ್ತಾಳೆ, ಅವಳು ಬರೋ ಮುಂಚೆ ಬೊಳ್ಳುಳ್ಳಿ ವಾಸನೆ ಬತ್ತದೆ, ಆಮೇಲೆ ಗೋಡೆಯಿಂದ ಕೈ ನೀಡ್ತಾಳೆ, ನನ್ ಕೂಸೆಲ್ಲಿ, ನನ್ ಕೂಸೆಲ್ಲಿ — ಅವ್ವನ ತೊಡೆಯ ಮೇಲೆ ತಲೆಯಿಟ್ಟ ಹುಡುಗಿಗೆ ಕಿವಿಯ ಹಿಂದೆ ತಣ್ಣಗಾಗುತ್ತಿತ್ತು, ಅವಳ ಕೈ ನಿನ್ ಕೈ ಥರಾನಾ ಅವ್ವಾ, ಏಕೆಂದರೆ ಅವ್ವನ ಕೈ ಮಣಿಕಟ್ಟಿನಿಂದ ಮೊಣಕೈವರೆಗೆ ಹಸಿರು, ಹಚ್ಚೆಯ ಬಳ್ಳಿ, ಬಳ್ಳಿಯ ನಡುವೆ ಚೇಳು, ಚೇಳಿನ ಸುತ್ತ ಚುಕ್ಕಿ, ಅವ್ವ ನಗುತ್ತಿದ್ದಳು, ಹುಚ್ಚು ಪುಳ್ಳೆ, ಇದು ನಾನು ದುಡ್ಡು ಕೊಟ್ಟು ಕುತ್ತಿಸ್ಕೊಂಡಿದ್ದು, ಅವಳದು ಹುಟ್ಟಿದ ಬಣ್ಣ. ನಗುತ್ತಿದ್ದಳು, ಆದರೆ ಮಳೆಗಾಲದಲ್ಲಿ ಆ ಕೋಣೆಯ ಬಾಗಿಲಿಗೆ ಬೆಳ್ಳುಳ್ಳಿಯ ಸರ ಕಟ್ಟದೆ ಇರುತ್ತಿರಲಿಲ್ಲ, ತಿನ್ನೋದು ಬಾಗಿಲಲ್ಲೇ ಸಿಕ್ಕಿದ್ರೆ ಅವಳು ಒಳಕ್ಕೆ ಯಾಕೆ ಬತ್ತಾಳೆ, ಅಂಥ ಅವ್ವ. ಅಮುದಾ ಹುಟ್ಟಿದ್ದು ಚಿತ್ತಿರೈ ತಿಂಗಳ ಉರಿಬಿಸಿಲಿನಲ್ಲಿ, ಅದಕ್ಕೇ ನೀನು ಉಳ್ಕೊಂಡೆ ನನ್ ಚಿನ್ನ, ಅಮ್ಮ ಮುತ್ತುಸೆಲ್ವಿಯೂ ಹಾಗೆಯೇ ಬೇಸಿಗೆಯ ಕೂಸು, ಅವಳಿಗಿಂತ ಮೊದಲು ಅವ್ವ ಹೆತ್ತ ಎರಡು ಮಳೆಗಾಲದವು, ಅವು ಇಲ್ಲ, ಅಮುದಾಳ ಬೆನ್ನಿಗೆ ಹುಟ್ಟಿದ ತಮ್ಮನೂ ಮಳೆಗಾಲದವನು, ಅವನೂ ಇಲ್ಲ, ಅವನ ಹಿಂದೆಯೇ ಅಮ್ಮನೂ ಇಲ್ಲ, ಬಾಗಿಲ ಸರದ ಕೆಳಗೆ ಅಪ್ಪ ಗೋವಿಂದನ್ ಕುಕ್ಕರುಗಾಲಲ್ಲಿ ಕೂತಿದ್ದ ಬೆನ್ನು ಮಾತ್ರ ನೆನಪಿದೆ, ಒದ್ದೆ ಬನಿಯನ್ನಿನ ಬೆನ್ನು, ಜ್ವರ ಕೊಂದಿತೋ ಗೋಡೆ ಕೊಂದಿತೋ ಈಗ ಯಾರೂ ಹೇಳಲಾರರು, ಜೆಯಂತಿಯೂ ಹೇಳಲಾರೆ ಅಂದಳು, ಅಂದದ್ದು ಒಳ್ಳೆಯದೇ, ಸುಳ್ಳು ಸಮಾಧಾನ ಅಮುದಾಳಿಗೆ ಬೇಡ, ಅವಳಿಗೆ ಬೇಕಾದದ್ದು ಮಡಿಲಲ್ಲಿದೆ, ಕುಡಿಯುತ್ತಿದೆ, ಕಳ್ಳಿ.

ಆ ಹಸಿರು ಬಂದದ್ದು ಬೋಡಿಮೆಟ್ಟಿನಿಂದ, ಅವ್ವನ ಅಪ್ಪ ಮೇಲೆ ಏಲಕ್ಕಿ ತೋಟದಲ್ಲಿ ಮೇಸ್ತ್ರಿಯಾಗಿದ್ದವನು, ಮಗಳ ಮೊದಲ ಹೆರಿಗೆಗೆಂದು ಒಂದು ಡಬ್ಬಿ ಪುಡಿ ಹೊತ್ತು ಘಾಟಿ ಇಳಿದನಂತೆ, ಅಂಥ ಬಣ್ಣ ಈ ಓಡೈಪಟ್ಟಿ ಊರಿನಲ್ಲಿ ಯಾರೂ ಕಂಡಿರಲಿಲ್ಲ, ಅನ್ನ ಬಸಿದ ಗಂಜಿಯಲ್ಲಿ ಕಲಸಿ ತಾನೇ ಕೈಯಾರೆ ಬಳಿದನಂತೆ, ಮೂಲೆ ಬಿಡದೆ, ಅದಕ್ಕೇ ಮನೆಯೆಲ್ಲ ಪೊಂಗಲ್ಲಿಗೊಮ್ಮೆ ಸುಣ್ಣ ಕಂಡರೂ ಆ ಕೋಣೆಗೆ ಸುಣ್ಣವಿಲ್ಲ, ನಮ್ಮಪ್ಪನ ಬಣ್ಣ ಅದು, ಮುಟ್ಟಬೇಡಿ, ಪುಡಿ ಕೈಗೆ ಹತ್ತುತ್ತದೆ ಅಂದರೆ ಅದಕ್ಕೂ ಅವ್ವನ ಬಳಿ ಮದ್ದಿತ್ತು, ಯಾರಾದರೂ ಬಾಣಂತಿ ಆ ಕೋಣೆಗೆ ಬರುವ ಮುಂಚೆ ತಿಳಿಗಂಜಿಯನ್ನು ಬಟ್ಟೆಯಲ್ಲಿ ಅದ್ದಿ ಗೋಡೆಗೆಲ್ಲ ಒರೆಸುವುದು, ಸೀರೆಗೆ ಗಂಜಿ ಹಾಕಿದ ಹಾಗೆ, ಬಣ್ಣ ಕಚ್ಚಿಕೊಂಡು ನಿಲ್ಲಲಿ ಎಂದು, ಅಮುದಾ ತುಂಬಿದ ಹೊಟ್ಟೆ ಹೊತ್ತು ತವರಿಗೆ ಬಂದಾಗಲೂ ಅವ್ವ ಒರೆಸುತ್ತಿದ್ದಳು, ಈ ವಯಸ್ಸಿನಲ್ಲಿ, ಮುಕ್ಕಾಲಿಯ ಮೇಲೆ ನಿಂತು, ಬಾ ನೋಡು ನಿನ್ ಅರಮನೆ. ಅರಮನೆಯೇ, ಕಿಟಕಿ ಮಾತ್ರ ಇಲ್ಲ, ಬಾಣಂತಿಗೆ ಗಾಳಿ ತಾಗಬಾರದಲ್ಲ, ಮೂಲೆಯಲ್ಲಿ ಬಚ್ಚಲ ಕಲ್ಲು, ದಿನಾ ಹಂಡೆಗಟ್ಟಲೆ ಬಿಸಿನೀರು, ಮಂಚದ ಪಕ್ಕದ ಗೋಡೆಯಲ್ಲಿ, ಎದ್ದು ಕೂರಲು ಆನಿಕೊಳ್ಳುವ ಎತ್ತರದಲ್ಲಿ, ಒಂದು ಅಂಗೈ — ಹಸಿರು ಸವೆದು ಒಳಗಿನ ಮಣ್ಣು ಕಾಣುವ ಅಂಗೈಯಾಕಾರ, ಐದು ಬೆರಳೂ ಇವೆ, ಚಿಕ್ಕಂದಿನಲ್ಲಿ ಅದು ಪಚ್ಚಮ್ಮನ ಕೈ, ಮಧ್ಯಾಹ್ನವೂ ಅದರ ಮುಂದೆ ಹಾಯುವಾಗ ಅಮುದಾ ಓಡುತ್ತಿದ್ದಳು, ಹೆತ್ತ ಮಾರನೆಯ ದಿನ ನೋವಿನಲ್ಲಿ ಎದ್ದು ಕೂರಲು ಕೈ ಚಾಚಿದರೆ ಅಂಗೈ ಹೋಗಿ ಸರಿಯಾಗಿ ಅಲ್ಲೇ ಕೂತಿತು, ಅಳತೆ ತೆಗೆದು ಮಾಡಿಸಿದ ಹಾಗೆ, ಆಗ ತಿಳಿಯಿತು, ಇದು ಯಾವ ದೆವ್ವದ್ದೂ ಅಲ್ಲ, ಅವ್ವ ಊರಿದ ಕೈ, ಅಮ್ಮ ಊರಿದ ಕೈ, ಎದ್ದವರೆಲ್ಲ ಊರಿದ ಕೈ, ಅಮ್ಮನ ಕೈಯೊಳಗೆ ಕೈಯಿಟ್ಟು ಅತ್ತಳು, ಆಮೇಲೆ ಅದೇ ಕೈಯಲ್ಲಿ ಉಂಡಳು.

ಉಂಡದ್ದು ಹೊಟ್ಟೆಯಲ್ಲಿ ನಿಲ್ಲಲಿಲ್ಲ, ಬಾಣಂತಿಗೆಂದು ಬೆಳ್ಳುಳ್ಳಿ ಹುರಿದು ಬೆಳ್ಳುಳ್ಳಿ ಬೇಯಿಸಿ ಬೆಳ್ಳುಳ್ಳಿ ಲೇಹ್ಯ ಮಾಡಿ, ಕೂಸಿಗೆ ನೀರೆರೆಯಲು ಬರುವ ಪಕ್ಕದ ಮನೆಯ ಕಣ್ಣಮ್ಮಾಳ್ ಬಟ್ಟಲು ಹಿಡಿದು ನಿಂತರೆ ಅಮುದಾ ಸೆರಗು ಮೂಗಿಗೆ ಒತ್ತಿಕೊಳ್ಳುತ್ತಾಳೆ, ತಿನ್ನು ತಾಯಿ ಹಾಲು ಊರಬೇಕಲ್ಲ, ಬೇಡ ಕಣ್ಣಮ್ಮಕ್ಕಾ ವಾಸನೆ, ಬಾಣಂತಿ ಕೋಣೇಲಿ ಬೊಳ್ಳುಳ್ಳಿ ವಾಸನೆ ಬರದೆ ಮಲ್ಲಿಗೆ ವಾಸನೆ ಬತ್ತದಾ, ಬಾಯಿ ತೆರಿ, ಬೆರಳ ತುದಿ ಜುಮ್ಮೆನ್ನುತ್ತದೆ, ಇರುವೆ ಹರಿದ ಹಾಗೆ, ತಲೆ ಭಾರ, ಬಾಚಿದರೆ ಹಣಿಗೆಯ ತುಂಬ ಕೂದಲು, ಕೂಸು ಮೊಲೆ ಹಿಡಿದು ಎರಡು ಗುಟುಕಿಗೆ ಬಿಟ್ಟು ತಲೆ ತಿರುಗಿಸುತ್ತದೆ, ಸೀನುತ್ತದೆ, ಕೆಮ್ಮುತ್ತದೆ, ಹುಟ್ಟಿದಾಗಿನ ತೂಕಕ್ಕಿಂತ ಇಳಿಯಿತು, ಅಳಲೂ ಶಕ್ತಿಯಿಲ್ಲದೆ ಬೆಕ್ಕಿನ ಮರಿಯ ಹಾಗೆ ಮಿಯಾಂ, ಡಾಕ್ಟರು ರಕ್ತ ಕಮ್ಮಿ ಅಂದರು, ಟಾನಿಕ್ಕು ಕೊಟ್ಟರು, ಎಲ್ಲರ ಕಣ್ಣೂ ಕೂಸಿನ ಮೇಲಿಂದ ಮೆಲ್ಲಗೆ ಬಾಗಿಲ ಸರದ ಕಡೆಗೆ ಹೋಗುತ್ತಿದ್ದುದು ಅಮುದಾಳಿಗೆ ಕಾಣುತ್ತಿತ್ತು, ಇದೂ ಮಳೆಗಾಲದ ಕೂಸು, ಬಾಯಿಬಿಟ್ಟು ಯಾರೂ ಅನ್ನಲಿಲ್ಲ, ಅವ್ವ ಮಾತ್ರ ಸರಕ್ಕೆ ಇನ್ನೊಂದು ಸರ ಸೇರಿಸಿ ಕಟ್ಟಿದಳು. ಗಂಡ ಬತ್ತಲಗುಂಡಿನಿಂದ ಫೋನು ಮಾಡಿದಾಗ, ಮಾಮ, ಇಲ್ಲಿ ಪಚ್ಚಮ್ಮ ಎದ್ದಿದ್ದಾಳೆ, ಅಂದಳು, ಅಯ್ಯೋ ನನ್ ಕನಸುಪೆಟ್ಟಿಗೆ, ಅವನು ನಕ್ಕ, ಅವನು ಯಾವಾಗಲೂ ಹಾಗೇ ಕರೆಯುವುದು, ಹಾಸ್ಟೆಲಿನಲ್ಲಿ ಗೆಳತಿಯರೂ ಹಾಗೇ ನಗುತ್ತಿದ್ದರು, ಡಿಗ್ರಿ ಓದಿ ಗೋಡೆದೆವ್ವ ನಂಬುತ್ತೀಯಾ, ನಂಬುವುದಲ್ಲ, ಅವ್ವ ಕತೆಯಲ್ಲಿ ಸುಮ್ಮನೆ ಏನನ್ನೂ ಹಾಕುವುದಿಲ್ಲ, ರಾಜನಿಗೆ ಏಳು ಮಕ್ಕಳು ಅಂದರೆ ಏಳನೆಯವನಿಗೂ ಕೊನೆಯಲ್ಲಿ ಒಂದು ಕೆಲಸ ಇರುತ್ತದೆ, ಹಾಗಿದ್ದ ಮೇಲೆ ಪಚ್ಚಮ್ಮ ಮಳೆಗಾಲದಲ್ಲೇ ಏಕೆ ಏಳಬೇಕು, ಬೇಸಿಗೆಯಲ್ಲಿ ಏಕೆ ಮಲಗಬೇಕು, ಎಲ್ಲ ಬಿಟ್ಟು ಬೆಳ್ಳುಳ್ಳಿಯೇ ಏಕೆ, ಮಲಗಿ ಮಲಗಿ ಸೂರು ನೋಡುತ್ತ ಅದನ್ನೇ ತಿರುಗಿಸಿ ತಿರುಗಿಸಿ ಯೋಚಿಸಿದಳು, ಸೂರಿನಿಂದ ಕಣ್ಣು ಗೋಡೆಗಿಳಿಯಿತು, ಬಚ್ಚಲ ಮೂಲೆಯ ಹಸಿರಿನ ಮೇಲೆ ಬೂಷ್ಟು, ಬೂದಿ ಬಣ್ಣದ್ದು, ಮೊಲದ ಮೈಯ ಹಾಗೆ ಮೆತ್ತಗೆ, ಬಿಸಿನೀರು ಹೊಯ್ದ ಮೇಲೆ ವಾಸನೆ ಮೂಗಿಗೆ ಗುದ್ದುತ್ತಿತ್ತು.

ಆಮೇಲೆ ಹಸು — ನೆನೆದರೆ ಈಗಲೂ ನಗು ಒತ್ತಿಕೊಂಡು ಬರುತ್ತದೆ, ಕೂಸಿನ ಬಾಯಿಂದ ಮೊಲೆ ಜಾರಿತು, ಇಲ್ಲ ಇಲ್ಲ ಕಣ್ಣೇ, ಕುಡಿ — ತಿನ್ನಲಾಗದ ಬೆಳ್ಳುಳ್ಳಿಯನ್ನು ಏನು ಮಾಡುವುದು, ಚೆಲ್ಲಿದರೆ ಅವ್ವನ ಕಣ್ಣು, ಹಿತ್ತಲ ಬಾಗಿಲಾಚೆ ಹಸು ಕಟ್ಟಿತ್ತು, ಬಟ್ಟಲು ಬಟ್ಟಲೇ ಅದರ ಬಾಯಿಗೆ, ಅದಕ್ಕೇನು ಹಬ್ಬ, ನಾಲಿಗೆಯಲ್ಲಿ ಬಟ್ಟಲು ತೊಳೆದೇ ಕೊಡುತ್ತಿತ್ತು, ಕೆಲವು ದಿನಕ್ಕೆ ಅಂಗಳದಲ್ಲಿ ರಣರಂಗ, ಅವ್ವ ಕಾಫಿ ಲೋಟ ಎತ್ತಿ ಕುಕ್ಕಿದಳು, ಏನ್ ಹಾಲು ಇದು, ರಸಂ ಕುಡಿದಂಗೈತೆ, ಡೇಯ್ ಗೋವಿಂದಾ, ಹಸೂಗೆ ಯಾವನ್ ಬೊಳ್ಳುಳ್ಳಿ ತಿನ್ನಿಸ್ದ, ಅಪ್ಪ ಅತ್ತೆಯ ಮುಂದೆ ಎಂದೂ ಬಾಯಿ ಬಿಚ್ಚದವನು, ನಾನಲ್ಲ ಅತ್ತೆ, ಕಣ್ಣಮ್ಮಾಳ್, ನಾನ್ ಯಾಕ್ ತಿನ್ನಿಸ್ಲಿ ಓಚ್ಚಕ್ಕಾ ಬೊಳ್ಳುಳ್ಳಿ ಏನ್ ಬೀದೀಲಿ ಬಿದ್ದೈತಾ, ಅಮುದಾ ಒಳಗಿಂದಲೇ ಅಂದಳು, ನಾನೇ ಅವ್ವಾ. ನೀನಾ, ಎಷ್ಟ್ ದಿನದಿಂದ, ಬಂದ ಬಟ್ಟಲೆಲ್ಲ ಅವ್ವಾ, ನಾನು ಒಂದು ಎಸಳೂ ತಿಂದಿಲ್ಲ, ಅಡೀ ಪಾಪೀ, ಕೂಸು ಸೊರಗ್ತಾ ಐತೆ, ನೀ ಹಸೂಗೆ ಬಾಣಂತನ ಮಾಡ್ತೀಯಾ — ಅವ್ವ ಬಾಗಿಲಿಗೆ ಬಂದು ನಿಂತಳು, ಬೈಯಲು ಬಾಯಿ ತೆರೆದಳು, ತೆರೆದ ಬಾಯಿ ಹಾಗೇ ನಿಂತಿತು, ಏಕೆಂದರೆ ವಾಸನೆ ಬಂತು, ಅಮುದಾ ಅದಕ್ಕೇ ಕಾದಿದ್ದಳೋ ಎಂಬಂತೆ ಎದ್ದು ಹೋಗಿ ಬಾಗಿಲ ಸರಗಳನ್ನೂ ಕಿತ್ತು ಅಂಗಳಕ್ಕೆ ಎಸೆದಳು, ಬೆಳ್ಳುಳ್ಳಿ ಹಸೂ ಹೊಟ್ಟೇಲಿದೆ ಅವ್ವಾ, ಸರ ಅಂಗಳದಲ್ಲಿದೆ, ಹಂಗಾರೆ ಇಲ್ಲಿ ಯಾರದು ವಾಸನೆ, ಹೇಳಿ ಕೂಸನ್ನು ಎತ್ತಿಕೊಂಡು ಹೊಸ್ತಿಲು ದಾಟಿಬಿಟ್ಟಳು, ಬಾಣಂತನ ಮುಗಿಯದೆ ಯಾರೂ ದಾಟದ ಹೊಸ್ತಿಲು, ಕಣ್ಣಮ್ಮಾಳ್ ಶಾಮೀ ಎಂದು ಬಾಯಿ ಮುಚ್ಚಿಕೊಂಡಳು, ಅಪ್ಪ ಬಾಯಿ ಮುಚ್ಚಿಕೊಳ್ಳಲಿಲ್ಲ, ಹುಟ್ಟಿದಾಗಿಂದ ಕೇಳದ ಗಂಟಲಲ್ಲಿ, ಹೋಗ್ಲಿ ಬಿಡಿ ಅತ್ತೆ, ಒಬ್ಬಳನ್ನ ಈ ಕೋಣೇಲಿ ಬಿಟ್ಟು ಕೂತಿದ್ದು ಸಾಕು, ಅಂದ, ಅಂದು ಚಪ್ಪರದ ಕೆಳಗಿನ ಪಂಪುಮನೆಯಲ್ಲಿ ತಾನೇ ಮಂಚ ಹಾಕಿದ. ಅವ್ವ ಕೋಣೆಗೆ ಬೀಗ ಹಾಕಿ ಕೀಲಿ ಸೊಂಟಕ್ಕೆ ಸಿಕ್ಕಿಸಿದಳು, ನಾಳೆ ಬಾರದಿರಲಿ ವಾಸನೆ, ಆಗ ನಿನ್ ಕಿವಿ ಹಿಂಡ್ತೀನಿ, ಅಷ್ಟೇ, ಮಾರನೆಯ ದಿನ ಬೀಗ ತೆಗೆದಳು, ಅದರ ಮಾರನೆಯ ದಿನವೂ ತೆಗೆದಳು, ಖಾಲಿ ಮಂಚ, ಖಾಲಿ ತೊಟ್ಟಿಲು, ಯಾರೂ ಉಣ್ಣದ ಯಾರೂ ಉಸಿರಾಡದ ಕೋಣೆ, ಒಳಗಿಂದ ಬೆಳ್ಳುಳ್ಳಿ ಎದ್ದು ಬಂದು ಅವ್ವನ ಮುಖ ನೆಕ್ಕಿತು. ಇಲ್ಲಿ ಪಂಪುಮನೆಯಲ್ಲಿ ಕೂಸು ಮೊದಲು ಮೂರು ಗುಟುಕು, ಆಮೇಲೆ ಹತ್ತು, ಆಮೇಲೆ ಯಾರು ಲೆಕ್ಕವಿಟ್ಟರು, ಒಂದು ಬೆಳಿಗ್ಗೆ ಗಂಟಲು ಹರಿಯುವಂತೆ ಅತ್ತಿತು, ಅಪ್ಪ ತೋಟದ ತುದಿಯಿಂದ ಓಡಿಬಂದ, ಏನಾಯ್ತು ಏನಾಯ್ತು, ಏನೂ ಆಗಿಲ್ಲ ಅಪ್ಪಾ, ಅಳ್ತಾ ಇದೆ, ಜೋರಾಗಿ ಅಳ್ತಾ ಇದೆ, ಇಬ್ಬರೂ ನಿಂತು ಹಾಡು ಕೇಳಿದ ಹಾಗೆ ಕೇಳಿದರು.

ಸುಂದರ್ ಬಂದವನು ನಗಲಿಲ್ಲ, ಬತ್ತಲಗುಂಡಿನಲ್ಲಿ ಗೊಬ್ಬರ ಔಷಧಿಯ ಅಂಗಡಿ ಇಟ್ಟವನು, ಬಾಗಿಲಲ್ಲಿ ನಿಂತು ಒಮ್ಮೆ ಮೂಗೇರಿಸಿ, ಹಸಿರು ನೋಡಿ ಮೈಲುತುತ್ತ ಅಂದ್ಕೊಂಡೆ, ದ್ರಾಕ್ಷಿಗೆ ಹೊಡೀತೀವಲ್ಲ ಅದು, ಆದ್ರೆ ಮೈಲುತುತ್ತಕ್ಕೆ ವಾಸನೆ ಎಲ್ಲಿಂದ, ಎಂದು ಗೊಣಗುತ್ತ ಮೂಗಿಗೆ ಬಟ್ಟೆ ಕಟ್ಟಿ ಒಂದು ಚೂರು ಗೋಡೆಯನ್ನು ಬೂಷ್ಟು ಸಮೇತ ಡಬ್ಬಿಗೆ ಹಾಕಿಕೊಂಡು ಹೋದ, ದಿಂಡಿಗಲ್‌ನಲ್ಲಿ ಅವನ ಜೊತೆ ಓದಿದ ಜೆಯಂತಿ ಕಾಲೇಜಿನಲ್ಲಿ ರಸಾಯನ ಕಲಿಸುತ್ತಾಳೆ, ಫೋನು ಬಂತು, ಸ್ಪೀಕರಿಗೆ ಹಾಕು ಎಂದಳು ಅವ್ವ. ಇದರಲ್ಲಿ ತಾಮ್ರದ ಜೊತೆ ಆರ್ಸೆನಿಕ್ ಇದೆ ಅಮುದಾ, ಪಾಷಾಣ, ಗೋಡೆಯಲ್ಲಿದ್ದರೆ ಅದು ಸುಮ್ಮನಿರುತ್ತೆ, ಆದರೆ ಮಳೆಗೆ ಗೋಡೆ ನೆನೀತು, ಬೂಷ್ಟು ಹತ್ತಿತು, ಅದಕ್ಕೆ ತಿನ್ನಲು ಗಂಜಿ ಸಿಕ್ಕಿತು, ಗಂಜಿ ತಿನ್ನುವಾಗ ಅದರೊಳಗಿನ ಪಾಷಾಣವೂ ಬಾಯಿಗೆ ಬರುತ್ತೆ, ಬೂಷ್ಟು ಅದನ್ನ ಅರಗಿಸಿ ಗಾಳಿಯಾಗಿ ಹೊರಕ್ಕೆ ಬಿಡುತ್ತೆ, ಆ ಗಾಳಿಗೆ ಬೆಳ್ಳುಳ್ಳಿ ವಾಸನೆ, ವಿಷದ ಗಾಳಿ, ಕಿಟಕಿ ಇಲ್ಲದ ಕೋಣೆ ಬೇರೆ, ಅದರ ಜೊತೆ ಕೈಗೆ ಹತ್ತೋ ಪುಡಿ, ಬೇಸಿಗೆಯಲ್ಲಿ ಗೋಡೆ ಒಣಗಿದರೆ ಬೂಷ್ಟೂ ಒಣಗುತ್ತೆ, ವಾಸನೆ ನಿಲ್ಲುತ್ತೆ, ಇದಕ್ಕೊಂದು ಉದ್ದ ಹೆಸರಿದೆ — ಅದರ ಹೆಸರು ಪಚ್ಚಮ್ಮ, ಅಂದಳು ಅಮುದಾ. ಏನು, ಅಂದಳು ಜೆಯಂತಿ. ಸುಂದರ್ ಹೆಂಡತಿಯನ್ನು ನೋಡಿದ, ಹೊಸದಾಗಿ ಹೆಣ್ಣು ನೋಡಲು ಬಂದವನ ಹಾಗೆ ನೋಡಿದ, ಮಳೆಗಾಲ, ಬೆವರಿದ ಗೋಡೆ, ಬೆಳ್ಳುಳ್ಳಿ, ಬೇಸಿಗೆಯ ನಿದ್ದೆ, ಒಂದೂ ಬಿಡದೆ ಎಲ್ಲ ಕತೆಯಲ್ಲೇ ಇತ್ತು, ಅವ್ವನ ತೊಡೆಯ ಮೇಲೆ ಮಲಗಿದವರಿಗೆಲ್ಲ ಸಿಕ್ಕುತ್ತಿತ್ತು, ಹೆದರಿಕೊಂಡವರು ಹೆದರಿಕೊಂಡು ಎದ್ದುಹೋದರು, ನಕ್ಕವರು ನಕ್ಕು ಎದ್ದುಹೋದರು, ಕನಸುಪೆಟ್ಟಿಗೆ ಒಬ್ಬಳು ಏಕೆ ಏಕೆ ಎಂದು ಕೇಳುತ್ತ ಅಲ್ಲೇ ಕೂತಳು — ಏನ್ ಮಾಮ, ಈಗ ನಗು, ನಗಲ್ಲ ತಾಯೇ, ಸಾಷ್ಟಾಂಗ. ಅವ್ವ ಮಾತ್ರ ಫೋನಿನ ಕಡೆಗೇ ನೋಡುತ್ತಿದ್ದಳು, ನಮ್ಮಪ್ಪ ಹೇಳಿದ್ದ, ಮೇಲೆ ತೋಟದಲ್ಲಿ ಸೊಳ್ಳೆ ಜ್ವರಕ್ಕೆ ಸರ್ಕಾರದೋರು ಹಳ್ಳಕ್ಕೆ ಉದುರಿಸ್ತಿದ್ದ ಪುಡಿ ಅದು, ಉಳಿದಿದ್ದು ಬೇಡ್ಕೊಂಡು ತಂದೆ, ಇನ್ನು ನಿನ್ ಕೂಸಿಗೆ ಸೊಳ್ಳೆ ಕಚ್ಚಲ್ಲ ಓಚ್ಚಾ ಅಂದಿದ್ದ, ಸೊಳ್ಳೆ ಕಚ್ಚಲೇ ಇಲ್ಲ, ಒಂದೂ ಕಚ್ಚಲಿಲ್ಲ, ಎಂದಳು, ಆಮೇಲೆ ತನ್ನ ಎರಡೂ ಅಂಗೈ ತೆರೆದು ನೋಡಿಕೊಂಡಳು, ಗಂಜಿ ಒರೆಸಿದ ಅಂಗೈಗಳನ್ನು, ಅಮುದಾ ಓಡಿಹೋಗಿ ಆ ಕೈಗಳನ್ನು ಮುಚ್ಚಿಬಿಡಬೇಕು ಅಂದುಕೊಂಡಳು, ಅಷ್ಟರಲ್ಲಿ ಅವ್ವನೇ ಮುಚ್ಚಿದಳು, ಮುಷ್ಟಿಯಾಗಿ ಮುಚ್ಚಿದಳು, ಇಷ್ಟ್ ವರ್ಷ ಗಂಜಿ ಕುಡಿಸಿ ಸಾಕಿದ್ದೀನಿ ಅವಳನ್ನ, ಗುಂಡಿ ತೋಡೋದೂ ನಾನೇ, ಮಾಪ್ಳೆ, ಹಾರೆ ಎಲ್ಲೈತೆ.

ಛಳ್ — ಸಾಕು, ನೆನೆದಿದೆ, ಅನ್ನುತ್ತಾನೆ ಸುಂದರ್, ಹೊರಗಡೆಯಿಂದ ಆಳುಗಳು ಆಗಲೇ ಗೋಡೆಯನ್ನು ಚೌಕಕ್ಕೆ ಸುತ್ತಲೂ ಕೊರೆದು ಸಡಿಲ ಮಾಡಿಟ್ಟಿದ್ದಾರೆ, ಒಳಗಿನ ಹಸಿರನ್ನು ಇನ್ನೂ ಮುಟ್ಟಿಲ್ಲ, ಅಲ್ಲಿ ಕಿಟಕಿ ಬರಬೇಕು, ಅದು ಅಪ್ಪನ ಆಸೆ, ಕೋಣೆಯೆಲ್ಲ ಹೊಸ ಮಣ್ಣು, ಬಿಳಿ ಸುಣ್ಣ, ದೊಡ್ಡದೊಂದು ಕಿಟಕಿ, ಅಮುದಾಳ ಮೂತ್ರದಲ್ಲಿನ ವಿಷ ಇಳಿದಿದೆ ಎಂದು ಎರಡನೇ ಪರೀಕ್ಷೆಯ ಮಾತು ಮೊನ್ನೆಯೇ ಬಂತು, ಬೆರಳ ತುದಿಯ ಇರುವೆಗಳೂ ಒಂದೊಂದಾಗಿ ಮನೆಗೆ ಹೋಗುತ್ತಿವೆ, ಕಣ್ಣಮ್ಮಾಳ್ ಚಪ್ಪರದ ಕಂಬಕ್ಕೊರಗಿ, ಓಚ್ಚಕ್ಕಾ, ಹಾರೆ ಎತ್ತಕ್ಕಾಗ್ತದಾ, ಇಲ್ಲಾ ಹಸೂನ ಕಳಿಸ್ಲಾ, ಬೊಳ್ಳುಳ್ಳಿ ತಿಂದು ಗಟ್ಟಿಯಾಗೈತೆ, ಒಳಗಿಂದ, ನಿನ್ ನಾಲಿಗೆಗೆ ಹುಳ ಬೀಳ, ಬಾರೇ ಒಳಕ್ಕೆ, ನಿನ್ನೂ ಸೇರಿಸಿ ಹೊಡೀತೀನಿ, ಅಪ್ಪ ನಗುತ್ತಿದ್ದಾನೆ, ಅಪ್ಪನ ಹಲ್ಲು ಇಷ್ಟು ಬೆಳ್ಳಗಿವೆಯೇ, ಕೂಸು ಕುಡಿಯುವುದನ್ನು ನಿಲ್ಲಿಸಿ ಕಣ್ಣು ತೆರೆದಿದೆ, ಅವ್ವ ಎಲ್ಲಿ ಹೊಡೆಯುತ್ತಾಳೆಂದು ಅಮುದಾಳಿಗೆ ಗೊತ್ತು, ಯಾರೂ ಹೇಳಬೇಕಾಗಿಲ್ಲ, ಮಂಚದ ಪಕ್ಕ, ಎದ್ದು ಕೂರಲು ಆನಿಕೊಳ್ಳುವ ಎತ್ತರದಲ್ಲಿ, ಸವೆದ ಐದು ಬೆರಳಿನ ನಡುವೆ — ದಡ್. ಗೋಡೆ ಅದುರಿತು, ಸುಣ್ಣದ ಹಕ್ಕಳೆ ಉದುರಿತು. ದಡ್, ಮಾಸ್ಕಿನೊಳಗಿಂದ ಅವ್ವ ಏನೋ ಹೇಳುತ್ತಿದ್ದಾಳೆ, ಹೆಸರುಗಳಿರಬೇಕು, ಏಟಿಗೊಂದು, ಮುತ್ತುಸೆಲ್ವೀ ಅನ್ನುವುದೊಂದು ನಿಚ್ಚಳವಾಗಿ ಕೇಳಿಸಿತು, ದಡ್, ಬಿಳಿ ಗೋಡೆಯ ಮೇಲೆ ಒಂದು ಕೂದಲೆಳೆಯ ಬಿರುಕು, ಬಿರುಕು ಕವಲಾಯಿತು, ಒದ್ದೆ ಮಣ್ಣಿನ ಹೆಂಟೆಯೊಂದು ಧೂಳಿಲ್ಲದೆ, ಸದ್ದಿಲ್ಲದೆ, ಹೊರಕ್ಕೆ ಜಾರಿ ಬಿತ್ತು, ಅಲ್ಲೊಂದು ಕಪ್ಪು ತೂತು, ಗಾಳಿ ಇತ್ತಲಿಂದ ಅದರೊಳಕ್ಕೆ ನುಗ್ಗುತ್ತಿದೆ, ಸುಂದರ್ ಗ್ಲೌಸು ಗ್ಲೌಸು ಎಂದು ಕೂಗುತ್ತಿದ್ದಾನೆ, ಆ ಕಪ್ಪಿನಿಂದ — ಅಮುದಾಳ ಕಿವಿಯ ಹಿಂದೆ ತಣ್ಣಗಾಯಿತು, ಚಿಕ್ಕಂದಿನ ಹಾಗೆಯೇ, ಕೂಸನ್ನು ಎದೆಗೆ ಅವಚಿಕೊಂಡಳು, ಅವಚಿಕೊಂಡು ನಕ್ಕುಬಿಟ್ಟಳು — ಗೋಡೆಯೊಳಗಿಂದ ಕೈ ಹೊರಗೆ ಬಂತು, ಹಸಿರು ಬಳ್ಳಿಯ ಕೈ, ಬಳ್ಳಿಯ ನಡುವೆ ಚೇಳು, ಚೇಳಿನ ಸುತ್ತ ಚುಕ್ಕಿ, ಮೊಣಕೈವರೆಗೂ ಬಂತು, ಬಿಸಿಲಿಗೆ ಬಂತು, ಮುಷ್ಟಿ ಬಿಚ್ಚಿತು, ಐದು 
ಬೆರಳೂ ಅಗಲವಾಗಿ ತೆರೆದು ನಿಂತಿತು, ಒದ್ದೆ ಅಂಗೈ, ಏನನ್ನೂ ಬೇಡದ ಅಂಗೈ, ಗೋಡೆಯ ಈಚೆ, ಬೆಳಕಿನಲ್ಲಿ, ಅಂಗೈ.